ಕೊನೆಯ ಕುರ್ಚಿಗೆ ಓಡಿಸುತ್ತಿದ್ದ ಮೇಷ್ಟ್ರು

ಕಾಜಾ ಅಕ್ಕನಿಗೆ ನಟ್ಟುಬೋಲ್ಟು ಮೇಷ್ಟ್ರ ವಿಷಯ ಮೊದಲು ತಿಳಿದದ್ದು ನೆತ್ತಿಯ ಮೇಲಿಂದ. ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಕರಿ ಕೋಟಿನ ನಾಲ್ಕನೇ ಕಾಜಾ ಹೊಲಿಯುತ್ತಿದ್ದಾಗ, ಅಂಗಡಿಯ ಸೂರಿನಲ್ಲಿ ದಡದಡ ಸದ್ದಾಗಿ ಗಾರೆ ಉದುರಿ ಕೋಟಿನ ಮೇಲೆ ಬಿತ್ತು. ಮೇಲಿನ ಕೋಣೆಯಲ್ಲಿ ಒಂದು ಗಂಡು ದನಿ ‘ವೈಲ್!’ ಎಂದು ಕೂಗುವುದು, ಯಾರೋ ಓಡುವುದು, ಕುರ್ಚಿ ಕಿರ್ರೆನ್ನುವುದು, ಆಮೇಲೆ ಹೆಣ್ಣುಮಕ್ಕಳು ಗೊಳ್ಳೆಂದು ನಗುವುದು. ಮತ್ತೆ ‘ವೈಲ್!’, ಮತ್ತೆ ಗಾರೆ.

ಆ ಬೀದಿಯ ದರ್ಜಿಗಳೆಲ್ಲ ಕಾಜಾ ಗುಂಡಿಯ ಕೆಲಸವನ್ನು ಆಕೆಗೇ ಕೊಡುತ್ತಿದ್ದರು. ಆರಡಿ ಅಗಲದ ಅಂಗಡಿ, ಮೂರನೇ ಕ್ಲಾಸಿನ ಓದು. ಗಂಡ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಮಾತಿಗೆ ಯಾರೂ ಸಿಗದೆ ಸೂಜಿಗೇ ಬೈಯುವ ಅಭ್ಯಾಸವಾಗಿಬಿಟ್ಟಿತ್ತು. ಅವತ್ತು ಬೈಯಲು ಮನುಷ್ಯರೇ ಸಿಕ್ಕರಲ್ಲ ಎಂಬ ಹುಮ್ಮಸ್ಸಿನಲ್ಲಿ ಕತ್ತರಿ ಹಿಡಿದೇ ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ಸಾಲಾಗಿ ನಾಲ್ಕು ಕುರ್ಚಿ. ಮೂರರಲ್ಲಿ ಜರ್ಮನಿಗೆ ಕೆಲಸಕ್ಕೆ ಹೊರಟ ಆಸ್ಪತ್ರೆಯ ನರ್ಸ್ ಹುಡುಗಿಯರು, ಎದೆಗೆ ಪಿನ್ನು ಹಾಕಿದ ಚೀಟಿ. ನಾಲ್ಕನೆಯದು ಖಾಲಿ. ಒಬ್ಬಳು ಬಾಗಿಲಲ್ಲಿ ನಿಂತಿದ್ದಳು, ಇನ್ನೊಬ್ಬಳು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ನಡುವೆ ಬೋಳುತಲೆಯ ಗುಂಡಗಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಸ್ಪ್ಯಾನರು.

“ಏನ್ರೀ ಇದು? ಮೇಲೆ ಕುದುರೆ ಲಾಯ ಇಟ್ಟಿದೀರಾ?”

“ಇಲ್ಲ ಅಕ್ಕಾ, ಜರ್ಮನ್ ವ್ಯಾಕರಣ.”

“ವ್ಯಾಕರಣಕ್ಕೆ ಇಷ್ಟೊಂದು ಕಾಲಿರುತ್ತಾ?”

“ಇದಕ್ಕಿದೆ. ಸ್ವಲ್ಪ ನಿಂತ್ಕೊಳ್ಳಿ, ತೋರಿಸ್ತೀನಿ.”

ಹುಡುಗಿಯರು ತಂತಮ್ಮ ಚೀಟಿ ಓದಿದರು: ಇಶ್, ಟ್ರಿಂಕೆ, ಟೇ. ನಾನು, ಕುಡೀತೀನಿ, ಚಹಾ. ಆ ಮಾತಿನಲ್ಲಿ ಕ್ರಿಯಾಪದಕ್ಕೆ ಎರಡನೇ ಕುರ್ಚಿಯೇ ಖಾಯಂ ಎಂದರು ಮೇಷ್ಟ್ರು. ಆದರೆ ‘ವೈಲ್’, ಎಂದರೆ ‘ಯಾಕೆಂದರೆ’, ಬಂದು ಬಾಗಿಲಲ್ಲಿ ನಿಂತಿತೋ, ವಾಕ್ಯಕ್ಕೆ ಸ್ವಂತ ಕಾಲೇ ಹೋಯಿತು. ಇನ್ನೊಂದು ವಾಕ್ಯದ ಹೆಗಲಿಗೆ ಅದು ಆತುಕೊಳ್ಳಬೇಕು, ನಡುವೆ ಅಲ್ಪವಿರಾಮ ಇರಲೇಬೇಕು, ಕ್ರಿಯಾಪದ ಎದ್ದು ಕೊನೆಯ ಕುರ್ಚಿಗೆ ಹೋಗಬೇಕು. ‘ಎಂದು’ ಎನ್ನುವ ‘ಡಾಸ್’ ಬಂದರೂ ಅಷ್ಟೇ, ‘ಒಂದು ವೇಳೆ’ ಎನ್ನುವ ‘ವೆನ್’ ಬಂದರೂ ಅಷ್ಟೇ. ಕುಕ್ಕರಗಾಲಲ್ಲಿ ಕೂತವಳೇ ಅಲ್ಪವಿರಾಮವಂತೆ.

“ಇಷ್ಟಕ್ಕೆ ಈ ರಂಪಾನಾ?” ಎಂದಳು ಅಕ್ಕ. “ನಮ್ಮ ಮಾತಲ್ಲಿ ಕುಡಿಯೋದು ಯಾವತ್ತೂ ಕೊನೇಲೇ ಅಲ್ವಾ? ಅದಕ್ಕೆ ಎರಡನೇ ಕುರ್ಚಿಗೆ ನುಗ್ಗೋ ಅವಸರ ಏನಿತ್ತು?”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ಕೇಳಿದ್ರೇನ್ರಮ್ಮಾ! ಇಷ್ಟು ಹೊತ್ತು ನಾನು ಬಡ್ಕೊಂಡಿದ್ದನ್ನ ಅಕ್ಕ ಒಂದೇ ಉಸಿರಲ್ಲಿ ಹೇಳಿದ್ರು. ವೈಲ್ ಬಂತು ಅಂದ್ರೆ ಜರ್ಮನ್ ನಮ್ಮ ಮನೆಗೇ ನೆಂಟನಾಗಿ ಬಂತು ಅಂತ ತಿಳ್ಕೊಳ್ಳಿ!”

ಮರುದಿನದಿಂದ ಹತ್ತೂವರೆ ಆಯಿತೆಂದರೆ ಅಂಗಡಿಗೆ ಅರ್ಧ ಬಾಗಿಲು. ಯಾವ ಹುಡುಗಿಗೆ ಡ್ಯೂಟಿ ಬಿದ್ದರೂ ಆ ಕುರ್ಚಿಯಲ್ಲಿ ಅಕ್ಕ.

ಮೇಷ್ಟ್ರು ಮೇಷ್ಟ್ರೇ ಅಲ್ಲ, ನೇಯ್ಗೆ ಮಿಲ್ಲಿನ ಫಿಟ್ಟರು. ಯಂತ್ರ ಕೂರಿಸಲು ಜರ್ಮನಿಯಿಂದ ಬಂದ ಇಂಜಿನಿಯರು ಮೂರು ವರ್ಷ ಇದ್ದನಂತೆ. ಅವನ ಬೈಗುಳದಿಂದಲೇ ಇವರು ಭಾಷೆ ಕಲಿತದ್ದು. ಅವನು ‘ಯಾಕೆಂದರೆ’ ಎಂದು ಶುರುಮಾಡಿದರೆ, ಯಂತ್ರ ಬಿಚ್ಚಬೇಕೋ ಜೋಡಿಸಬೇಕೋ ತಿಳಿಯಲು ವಾಕ್ಯ ಮುಗಿಯುವ ತನಕ ಸ್ಪ್ಯಾನರು ಎತ್ತಿ ಹಿಡಿದೇ ಕಾಯಬೇಕಿತ್ತಂತೆ. ನಾಲಿಗೆಗೆ ಬಂದದ್ದು ಕೈಗೆ ಬರಲಿಲ್ಲ. ಬರೆಯುವುದೆಂದರೆ ಮೇಷ್ಟ್ರಿಗೆ ಜ್ವರ. ಮಿಲ್ಲು ಬಿಟ್ಟ ಮೇಲೆ ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳಲು ಅವರಿಗಿದ್ದ ಕಾರಣ ಈ ತರಗತಿ ಒಂದೇ.

ಅದಕ್ಕೇ ಸಂಚಕಾರ ಬಂತು. ಕೋಣೆ ಆಸ್ಪತ್ರೆಯದು. ಪ್ರಮಾಣಪತ್ರವೇ ಇಲ್ಲದವರು ಪಾಠ ಹೇಳುತ್ತಿದ್ದಾರೆಂದು ಯಾರೋ ಆಸ್ಪತ್ರೆಯವರ ಕಿವಿಯಲ್ಲಿ ಊದಿದ್ದರು. ಶುಕ್ರವಾರ ತರಬೇತಿ ವಿಭಾಗದ ಮೇಡಂ ಬಂದು ನೋಡುತ್ತಾರೆ, ಒಪ್ಪದಿದ್ದರೆ ಕೋಣೆಗೆ ಬೀಗ.

ಶುಕ್ರವಾರ ನೋಡಿದರೆ ಇಬ್ಬರು ಹುಡುಗಿಯರು ಆಪರೇಷನ್ ಕೋಣೆಯಲ್ಲಿ ಸಿಕ್ಕಿಕೊಂಡಿದ್ದರು. ಮೇಡಂ ಬಂದರು, ಕೈಯಲ್ಲಿ ಫೈಲು, ಮುಖ ಇಸ್ತ್ರಿ ಮಾಡಿದ ಹಾಗೆ. ಅವತ್ತಿನ ಪಾಠ ಎರಡು ತುಂಡಾಗುವ ಕ್ರಿಯಾಪದ. ‘ಇಶ್ ರುಫೆ ಡಿಶ್ ಆನ್’, ನಾನು ನಿನಗೆ ಫೋನ್ ಮಾಡುತ್ತೇನೆ. ‘ರುಫೆ’ ಎರಡನೇ ಕುರ್ಚಿಯಲ್ಲಿ, ಅದರದೇ ತುಂಡು ‘ಆನ್’ ಕೊನೆಯ ಕುರ್ಚಿಯಲ್ಲಿ ಒಂಟಿ. ‘ವೈಲ್’ ಬಂದಾಗ ‘ರುಫೆ’ ಓಡಿಹೋಗಿ ‘ಆನ್’ ಅನ್ನು ಸೇರಬೇಕು, ಇಬ್ಬರೂ ತಬ್ಬಿಕೊಂಡು ‘ಆನ್‌ರುಫೆ’ ಎಂಬ ಒಂದೇ ಪದವಾಗಬೇಕು. ಅದು ತರಗತಿಯ ಕಾನೂನು.

‘ರುಫೆ’ ಚೀಟಿ ಅಕ್ಕನಿಗೆ ಬಂತು. ‘ಆನ್’ ಆಗಲು ಜನವಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಮೇಡಂ, ಒಂದೇ ನಿಮಿಷ ಈ ಕುರ್ಚೀಲಿ ಕೂತ್ಕೊಳ್ತೀರಾ?”

ಮೇಡಂ ಪಾಪ, ಕುರ್ಚಿ ಕೊಟ್ಟರು ಎಂದು ಕೂತರು.

“ವೈಲ್!”

ಅಕ್ಕನಿಗೆ ಅರವತ್ತೆರಡು. ಆದರೂ ಎದ್ದ ರಭಸಕ್ಕೆ ಚಪ್ಪಲಿ ಒಂದು ಕಡೆ, ಕನ್ನಡಕ ಒಂದು ಕಡೆ. ಕನ್ನಡಕವಿಲ್ಲದ ಕಣ್ಣಿಗೆ ಕುರ್ಚಿ ಎಷ್ಟು ದೂರ ಎಂಬ ಅಂದಾಜು ಸಿಗಲಿಲ್ಲ. ಹೋಗಿ ಮೇಡಮ್ಮನ್ನು ತಬ್ಬಿದ ಹೊಡೆತಕ್ಕೆ ಕುರ್ಚಿ ಹಿಂದಕ್ಕೆ ವಾಲಿ, ಇಬ್ಬರೂ ಧೊಪ್ಪೆಂದು ನೆಲಕ್ಕೆ. ಫೈಲಿನ ಹಾಳೆಗಳು ಪಾರಿವಾಳದ ಹಾಗೆ ಹಾರಿದವು.

ಮೇಷ್ಟ್ರು ಹಾಳೆಗಳ ಹಿಂದೆ ಓಡಿದರು.

“ನಮ್ಮನ್ನ ಯಾರಾದ್ರೂ ಬಿಡಿಸ್ತೀರಾ?” ಎಂದರು ಮೇಡಂ, ಅಕ್ಕನ ಕೆಳಗಿಂದ.

“ಆಗಲ್ಲ ಮೇಡಂ,” ಎಂದಳು ಬಾಗಿಲಲ್ಲಿ ‘ವೈಲ್’ ಆಗಿ ನಿಂತಿದ್ದ ಹುಡುಗಿ, ಬಾಯಿ ತಪ್ಪಿ. “ನಾನು ಇಲ್ಲಿರೋ ತನಕ ನೀವಿಬ್ರೂ ಒಂದೇ ಪದ.”

ಆ ಇಸ್ತ್ರಿ ಮುಖ ಮೊದಲು ಮೂಗಿನ ಹತ್ತಿರ ಮುದುಡಿತು, ಆಮೇಲೆ ಪೂರ್ತಿ ಒಡೆಯಿತು. ಮೇಡಂ ನೆಲದ ಮೇಲೆಯೇ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಕ್ಕ ಕ್ಷಮೆ ಕೇಳಲು ಬಾಯಿ ತೆರೆದರೆ ಅವಳಿಗೂ ನಗುವೇ ಬಂತು.

ಕಣ್ಣೊರೆಸಿಕೊಂಡ ಮೇಲೆ ಮೇಡಂ ಮತ್ತೆ ಮೇಡಂ ಆದರು. “ಪಾಠ ಜನ್ಮದಲ್ಲಿ ಮರೆಯಲ್ಲ. ಆದ್ರೆ ಕಾಗದ ಬೇಕಲ್ಲ ಮೇಷ್ಟ್ರೇ? ಎರಡು ತಿಂಗಳಿಗೆ ಪರೀಕ್ಷೆ ಇದೆ, ಹುಡುಗೀರ ಜೊತೆ ನೀವೂ ಬರೀರಿ. ಪಾಸಾದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಬೀಗ ಹಾಕೋದು ನಾನೇ.”

ಅಂದಿನಿಂದ ಮೇಷ್ಟ್ರು ದಿನಾ ಬೆಳಿಗ್ಗೆ ಅಕ್ಕನ ಮೇಜಿನ ಮೂಲೆಯಲ್ಲಿ ಬರೆಯಲು ಕೂತರು. ಕ್ರಿಯಾಪದವನ್ನು ಕೊನೆಗೆ ಓಡಿಸುತ್ತಿದ್ದರು ಸರಿಯಾಗಿಯೇ. ಅಲ್ಪವಿರಾಮ ಮಾತ್ರ ಒಂದೂ ಇಲ್ಲ.

“ಎರಡು ತುಂಡು ಸೇರೋ ಕಡೆ ಗುಂಡಿ ಹಾಕದೆ ಬಿಟ್ರೆ ಏನಾಗುತ್ತೆ ಮೇಷ್ಟ್ರೇ?” ಎಂದು ಅಕ್ಕ ಕೇಳುತ್ತಿದ್ದಳು.

“ಮಾನ ಹೋಗುತ್ತೆ.”

“ಹಾಗಿದ್ರೆ ಹಾಕಿ!”

ಪರೀಕ್ಷೆಯ ದಿನ ಮೇಷ್ಟ್ರೇ ಕಾಣೆ. ಮನೆಯಲ್ಲಿಲ್ಲ, ಕೋಣೆಯಲ್ಲಿಲ್ಲ. ಗಂಟೆ ಹೊಡೆಯಲು ಹತ್ತು ನಿಮಿಷ ಇರುವಾಗ ಆಸ್ಪತ್ರೆಯ ಹಿತ್ತಲಲ್ಲಿ ಸಿಕ್ಕರು, ಮೊಣಕೈವರೆಗೆ ಮಸಿ, ಸುತ್ತ ನೀರಿನ ಪಂಪಿನ ಬಿಡಿಭಾಗಗಳು.

“ಪಂಪು ಸೋರ್ತಿತ್ತು ಅಕ್ಕಾ.”

“ಸೋರ್ತಿರೋದು ನಿಮ್ಮ ಧೈರ್ಯ. ಏಳಿ ಮೇಲೆ!”

ಕಾಲರು ಹಿಡಿದು ಎಳೆದುಕೊಂಡೇ ಹೋಗಿ, ಪರೀಕ್ಷೆಯ ಕೋಣೆಯೊಳಗೆ ತಳ್ಳಿ, ಆಕೆ ಮೂರು ಗಂಟೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಆಸ್ಪತ್ರೆಗೆ ಅವತ್ತು ಮಧ್ಯಾಹ್ನದವರೆಗೆ ನೀರಿಲ್ಲ; ಯಾಕೆಂದು ಅಕ್ಕ ಬಾಯಿ ಬಿಡಲಿಲ್ಲ.

ಪಾಸಾಗಲು ಅರವತ್ತು ಬೇಕಿತ್ತು. ಹುಡುಗಿಯರಿಗೆ ಎಂಬತ್ತು, ತೊಂಬತ್ತು. ಮೇಷ್ಟ್ರಿಗೆ ಅರವತ್ತೊಂದು. ಐವರೂ ಅವರನ್ನು ಕುರ್ಚಿ ಸಮೇತ ಎತ್ತಿ ಕೋಣೆಯೆಲ್ಲ ಸುತ್ತಿಸಿದರು. ಮೇಡಂ ಕೋಣೆಯ ಬೀಗದ ಕೈಯನ್ನು ತಾವೇ ತಂದು ಮೇಷ್ಟ್ರ ಕೈಗಿಟ್ಟರು.

ಆಮೇಲೆ ಮೇಷ್ಟ್ರು ಇನ್ನೂ ಏಳು ವರ್ಷ ಇದ್ದರು, ಎಷ್ಟೋ ಹುಡುಗಿಯರನ್ನು ಓಡಿಸಿದರು, ಅಕ್ಕನನ್ನು ಮಾತ್ರ ಮತ್ತೇನೂ ಕೇಳಲಿಲ್ಲ. ಕೇಳಿದ ಕೊನೆಯ ಉಪಕಾರ ಆ ಸಂಜೆಯದೇ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಇಳಿದು ಬಂದರು.

“ಅಕ್ಕಾ, ಇದನ್ನ ನಿಮ್ಮ ಗೋಡೆಗೆ ಹಾಕ್ತೀರಾ? ಮೆಟ್ಟಿಲು ಹತ್ತೋರ ಕಣ್ಣಿಗೆ ಮೊದಲು ಇದೇ ಬೀಳ್ಲಿ. ಪಕ್ಕದಲ್ಲೇ ಕ್ಯಾಲೆಂಡರು ನೇತುಹಾಕಿ, ಅಂಕ ಬರೆದಿರೋ ಮೂಲೆ ಮುಚ್ಚೋ ಹಾಗೆ.”