ಕಂಬಳಿಯ ಮೇಲೆ ಕೂತ ಬೋರ್ಡು

ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಚಿಕೆಯಾಗುತ್ತದೆ.

ನನ್ನ ಮಾವ ಜವನಗೊಂಡನಹಳ್ಳಿ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುತ್ತಾರೆ. ಅವರ ಮನೆಯಲ್ಲಿ ಒಂದು ಕರಿ ಕಂಬಳಿ ಇದೆ. ದೇವರ ಕಾರ್ಯಕ್ಕೆ, ಇಲ್ಲವೇ ಅವರ ಮನಸ್ಸಿಗೆ ದೊಡ್ಡವರೆನಿಸಿದವರು ಬಂದಾಗ ಮಾತ್ರ ಅದನ್ನು ಹಾಸುತ್ತಾರೆ. ಕುರಿ ಡಾಕ್ಟರಿಗೆ ಹಾಸಿದ್ದನ್ನು ನೋಡಿದ್ದೇನೆ. ಉಣ್ಣೆ ಕತ್ತರಿಸುವವನಿಗೂ ಹಾಸಿದ್ದಾರೆ. ಧಾರೆಯ ದಿನವೊಂದು ಬಿಟ್ಟರೆ, ಒಂಬತ್ತು ವರ್ಷಗಳಿಂದ ನನಗೆ ಕಾಲು ಸೊಟ್ಟಗಾದ ಪ್ಲಾಸ್ಟಿಕ್ ಕುರ್ಚಿ. ಊಟ ಉಪಚಾರಕ್ಕೇನೂ ಕಮ್ಮಿಯಿಲ್ಲ, ಆದರೂ ಹೊಟ್ಟೆ ಉರಿಯುತ್ತಿತ್ತು.

ಹೋದ ಮಾಘದಲ್ಲಿ ಅವರ ಟಗರೊಂದು ಕೊಂಬಿನಿಂದ ಕುರಿ ಕೂಡುವ ರೊಪ್ಪದ ಬಾಗಿಲಿನ ಅಗುಳಿ ಎತ್ತುವುದನ್ನು ಕಲಿತು, ಹಿಂಡನ್ನೆಲ್ಲ ಪಕ್ಕದವರ ಕಡಲೆ ಹೊಲಕ್ಕೆ ನುಗ್ಗಿಸತೊಡಗಿತು. ಮಾವ ಬಾಗಿಲಿಗೆ ಖಾಲಿ ಡಬ್ಬಿ ಕಟ್ಟಿದರು. ಗಾಳಿ ಬೀಸಿದರೂ ಅವು ಲೊಡಲೊಡ ಅನ್ನುತ್ತಿದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲು ಸರಿದರೆ ಮಾತ್ರ ಕೂಗುವ ಯಂತ್ರ ಮಾಡಿಕೊಡುತ್ತೇನೆಂದು ನಾನು ಜಂಬ ಕೊಚ್ಚಿದೆ. ಇದರಿಂದಲಾದರೂ ಕಂಬಳಿ ಗಿಟ್ಟೀತು ಎಂಬ ಆಸೆ, ಸುಳ್ಳೇಕೆ ಹೇಳಲಿ.

ಬೆಂಕಿಪೊಟ್ಟಣದಷ್ಟಿರುವ ಮೂರು ಎಲೆಕ್ಟ್ರಾನಿಕ್ ಬೋರ್ಡು ತರಿಸಿದೆ. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆದು ಕೇಬಲ್ ಮೂಲಕ ಅದಕ್ಕೆ ತುಂಬಬೇಕು. ಮೊದಲ ಎರಡು ದಿನ ಕೇಬಲ್ಲಿನಿಂದಲೇ ಹಾಳಾದವು. ಅದು ಫೋನ್ ಚಾರ್ಜಿಗೆ ಮಾತ್ರ ಆಗುವಂಥದ್ದು. ಕರೆಂಟ್ ಹೋಗುತ್ತಿತ್ತು, ಪ್ರೋಗ್ರಾಂ ಹೋಗುತ್ತಿರಲಿಲ್ಲ. ಅದಕ್ಕೆ ಬಾಯಿಗೆ ಬಂದಂತೆ ಬೈದೆ. ಇನ್ನೆರಡು ದಿನ ಡ್ರೈವರ್ ಎಂಬ ಸಾಫ್ಟ್‌ವೇರ್ ಹುಡುಕುವುದರಲ್ಲಿ ಕಳೆದವು. ಅದನ್ನು ಹಾಕದೆ ಲ್ಯಾಪ್‌ಟಾಪು ಬೋರ್ಡಿನ ಗುರುತೇ ಹಿಡಿಯುವುದಿಲ್ಲ. ಕೊನೆಗೆ ಬೋರ್ಡಿನ ಪುಟ್ಟ ದೀಪ ಮಿಣುಕಿದಾಗ ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಇಷ್ಟಕ್ಕೆ ನಾಲ್ಕು ದಿನ ಬೇಕಾಯಿತೇ ಎಂದು ಕೇಳಿ ಒಳಗೆ ಹೋದಳು.

ಭಾನುವಾರ ಎಲ್ಲ ಹೊತ್ತುಕೊಂಡು ಮಾವನ ಮನೆಗೆ ಹೋದೆ. ಪೀಪಿ ಜೋಡಿಸಿ ಕೊನೆಯ ಪ್ರೋಗ್ರಾಂ ಅಲ್ಲೇ ತುಂಬಬೇಕಿತ್ತು. ಹೊಸ ಕೆಲಸವನ್ನು ಬರೀ ನೆಲದ ಮೇಲೆ ಶುರು ಮಾಡಬಾರದೆಂದು ಮಾವ ಕರಿ ಕಂಬಳಿ ತಂದರು. ನನ್ನ ಎದೆ ಅರಳಿತು. ಅವರು ಅದನ್ನು ನಡುಮನೆಯಲ್ಲಿ ಹಾಸಿ, ಮೇಲೆ ನಾಲ್ಕು ಕಾಳು ಅಕ್ಕಿ ಹಾಕಿ, ಬೋರ್ಡುಗಳನ್ನು ಕೂರಿಸಿ, ನನಗೆ ಅದೇ ಕುರ್ಚಿ ಎಳೆದುಕೊಟ್ಟರು.

ಧೂಳು ಕೂತಿದೆಯೆಂದು ಮಾವ ಮೊದಲ ಬೋರ್ಡನ್ನು ಕಂಬಳಿಯ ಅಂಚಿನಿಂದ, ಕೂಸಿನ ಮೂಗು ಒರೆಸುವ ಹಾಗೆ, ಚೆನ್ನಾಗಿ ಒರೆಸಿ ಕೊಟ್ಟರು. ಕೇಬಲ್ ಚುಚ್ಚಿದೆ. ಅಂಥದ್ದೊಂದು ಇದೆಯೆಂದೇ ಲ್ಯಾಪ್‌ಟಾಪು ಒಪ್ಪಲಿಲ್ಲ. ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ ಡ್ರೈವರನ್ನು ಮತ್ತೆ ಇಳಿಸಿಕೊಂಡು ಬಂದೆ. ಅಷ್ಟರಲ್ಲಿ ಮಾವ ಎರಡನೆಯದನ್ನೂ ಒರೆಸಿಟ್ಟಿದ್ದರು. ಅದೂ ಸತ್ತಿತ್ತು. ನಾನು ಬೋರ್ಡು ಮಾರಿದವನನ್ನು ಬೈದೆ, ಕರೆಂಟನ್ನು ಬೈದೆ. ಹೊರಗೆ ಟಗರು ಕೂಗಿದ್ದು ನಕ್ಕ ಹಾಗೇ ಕೇಳಿಸಿತು.

ಇದೂ ಆಗದಿದ್ದರೆ ಡಬ್ಬಿಯೇ ಇರಲಿ ಬಿಡ್ರಿ ಎನ್ನುತ್ತ ಮಾವ ಮೂರನೆಯದಕ್ಕೆ ಕೈ ಚಾಚಿದರು. ಅದನ್ನು ಮುಟ್ಟುವ ಮೊದಲೇ ಅವರ ಬೆರಳು ನನ್ನ ಕೈಗೆ ತಾಕಿತು. ಚಿಟ್ ಎಂದಿತು. ನಡುಮನೆಯ ಮಬ್ಬಿನಲ್ಲಿ ಸಣ್ಣ ನೀಲಿ ಕಿಡಿ ಇಬ್ಬರಿಗೂ ಕಂಡಿತು.

"ಅಳಿಯಂದ್ರೆ, ಒಣ ಹವಾದಾಗೆ ಈ ಕಂಬಳಿ ಕೊಡವಿದ್ರೆ ಕಿಡಿ ಹಾರ್ತಾವೆ," ಎಂದರು ಮಾವ. "ನಿಮ್ ಮಿಷನ್ನಿಗೆ ಇದೇ ಆಗಿಬರ್ತಿಲ್ಲೇನೋ."

ಪ್ರತಿ ವರ್ಷ ತರಗತಿಯಲ್ಲಿ ಕಡ್ಡಿಯನ್ನು ಉಣ್ಣೆಗೆ ಉಜ್ಜಿ, ಅದರಿಂದ ಹುಟ್ಟಿದ ವಿದ್ಯುತ್ತಿನಿಂದ ಕಾಗದದ ಚೂರುಗಳನ್ನು ಕುಣಿಸಿ ತೋರಿಸುವವನು ನಾನು. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತೇನೆ. ಬರೆಯದವರನ್ನು ಕುರಿಗಳೆಂದು ಬೈಯುತ್ತೇನೆ.

ಎರಡು ಬೋರ್ಡು ಕೊಂದ ಆ ವಿದ್ಯುತ್ತು ಮೈಯಿಂದ ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ ಬಂದು, ಮೂರನೆಯ ಬೋರ್ಡನ್ನು ಊಟದ ಮಣೆಯ ಮೇಲಿಟ್ಟು ಕೇಬಲ್ ಚುಚ್ಚಿದೆ. ಪ್ರೋಗ್ರಾಂ ಸರಾಗವಾಗಿ ಹೋಯಿತು. ರೊಪ್ಪದಲ್ಲಿ ಕಟ್ಟಿದ್ದೇ ತಡ ಟಗರು ಅಗುಳಿ ಎತ್ತಿತು. ಪೀಪಿ ಕಿರುಚಿತು. ಟಗರು ಬೆಚ್ಚಿ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೆ ತಡೆಯಲಾಗಲಿಲ್ಲ. "ಮಾವ, ಇದು ನಾನೇ ಪಾಠ ಮಾಡೋ ವಿಷಯ," ಎಂದುಬಿಟ್ಟೆ. ಕಡ್ಡಿ, ಉಣ್ಣೆ, ಪರೀಕ್ಷೆ, ಕುರಿಗಳು, ಎಲ್ಲ ಹೇಳಿದೆ. ಮಾವ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಂಬತ್ತು ವರ್ಷದಲ್ಲಿ ನನ್ನೆದುರು ಅವರು ಹಾಗೆ ನಕ್ಕಿದ್ದು ಅದೇ ಮೊದಲು. ಆಮೇಲೆ ಕಂಬಳಿಯನ್ನು ಅಂಗಳಕ್ಕೆ ಒಯ್ದು ಕೊಡವಿ, ತಂದು ನನ್ನ ಮುಂದೆ ಹಾಸಿದರು.

"ಅದಕ್ಕೆ ಮಣೆ ಸಾಕು. ನೀವ್ ಇದ್ರ ಮ್ಯಾಲೆ ಕುಂತ್ಕಳ್ರಿ."

ಕೂತೆ. ಚಿಟ್ ಎಂದಿತು. ನಾನು ಏಳಲಿಲ್ಲ.