ಉನೈಸಿ ತೆಗೆದ ನಗು

ಇನೋಕೆಯ ಮೇಲೆ ನನಗಿರುವ ಸಿಟ್ಟು ಸಣ್ಣದಲ್ಲ. ಆದರೆ ಇದು ಉನೈಸಿಯ ಕಥೆ, ಅವಳಿಂದಲೇ ಶುರು ಮಾಡುತ್ತೇನೆ.

ನಕೋರೊಸೌ ಬಸ್ ನಿಲ್ದಾಣದಲ್ಲಿ, ನನ್ನ ಅಂಗಡಿಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಕರಿದ ಮೀನು ಮತ್ತು ಬೇಯಿಸಿದ ಮರಗೆಣಸಿನ ಪೊಟ್ಟಣ ಮಾರುವವಳು ಉನೈಸಿ. ವಯಸ್ಸು ನಲವತ್ತೆರಡು. ಐದನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಅಪ್ಪನ ಅಕ್ಕ ತೊರಿಕಾ ಅವಳನ್ನು ತನ್ನ ಮನೆಗೆ ಕರೆತಂದು ಮಗ ಇನೋಕೆಯ ಜೊತೆಗೇ ಸಾಕಿದಳು. ಅತ್ತೆಯ ಮಗ, ಅಂದರೆ ಬಾವ. ಫಿಜಿಯಲ್ಲಿ ಅತ್ತೆಯ ಮಕ್ಕಳಿಗೂ ಮಾವನ ಮಕ್ಕಳಿಗೂ ಇರುವ ಸಲಿಗೆಗೆ ಲಂಗುಲಗಾಮಿಲ್ಲ. ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು, ಒಬ್ಬರ ತಟ್ಟೆಯ ಮೀನನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು, ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ.

ನಾನು ಅದೇ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ, ನಿವೃತ್ತನಾದ ಮೇಲೆ ಅಂಗಡಿ ಇಟ್ಟವನು. ನನ್ನ ಮುತ್ತಜ್ಜ ಕಬ್ಬಿನ ಕೂಲಿಗೆಂದು ಹಡಗು ಹತ್ತಿ ಬಂದವನು. ಈ ಊರಿನ ಎಲ್ಲರ ಮನೆಯಲ್ಲೂ ಉಂಡಿದ್ದೇನೆ. ಯಾರ ಮನೆಯ ತೀರ್ಮಾನದಲ್ಲೂ ನನಗೆ ಬಾಯಿಲ್ಲ. ಇದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಆಸ್ಟ್ರೇಲಿಯದಲ್ಲಿ ಹಣ್ಣು ಕೀಳುವ ಕೆಲಸಕ್ಕೆ ಹೋದ ಉನೈಸಿಯ ತಮ್ಮ ಅವಳಿಗೆ ಒಂದು ಒಳ್ಳೆಯ ಫೋನು ಕಳಿಸಿದ. ಅವತ್ತಿನಿಂದ ಅವಳಿಗೆ ಚಿತ್ರ ತೆಗೆಯುವ ಹುಚ್ಚು ಹಿಡಿಯಿತು. ಸಮುದ್ರದ ಇಳಿತದ ಹೊತ್ತಿಗೆ ಊರಿನ ಎಂಟು ಹೆಂಗಸರು ಉದ್ದ ಬಲೆ ಹಿಡಿದು ಎದೆಮಟ್ಟ ನೀರಿನಲ್ಲಿ ನಿಲ್ಲುತ್ತಾರಲ್ಲ, ಅದನ್ನು ತಿಂಗಳುಗಟ್ಟಲೆ ತೆಗೆದಳು. ಮೀನಿಗಿಂತ ಹೆಚ್ಚಾಗಿ ಅವರ ಮಾತನ್ನು ತೆಗೆದಳು. ಗಂಡಸರು ಇಲ್ಲದ ಕಡೆ ಈ ಹೆಂಗಸರು ಏನೇನು ಮಾತಾಡುತ್ತಾರೆಂದು ಮೂವತ್ತೊಂದು ವರ್ಷ ಅಲ್ಲಿದ್ದ ನನಗೇ ಗೊತ್ತಿರಲಿಲ್ಲ. ಮೊದಲ ಸಲ ತೋರಿಸಿದಾಗ ನಾನು ಕಿವಿ ಕೆಂಪಾಗಿಸಿಕೊಂಡು ನಕ್ಕಿದ್ದೆ.

ಅದರಲ್ಲಿ ತೊರಿಕಾಳ ಒಂದು ಮಾತಿದೆ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು, ತೀರಿಹೋದ ಗಂಡನ ಬಗ್ಗೆ ಹೇಳುತ್ತಾಳೆ:

"ನನ್ ಗಂಡನೂ ಒಂದೊಂದ್ಸಲ ಬಲೆ ಹಿಡಿಯೋಕೆ ಬರ್ತಿದ್ದ ಕಣ್ರೇ. ನೀರೊಳಗೆ ಕೈ ಬಿಟ್ಟು ಎಲ್ಲಾ ಹೆಂಗಸರ ಕಾಲು ಮುಟ್ತಾ, 'ಇದು ಮೀನಾ? ಇದು ಮೀನಾ?' ಅಂತಿದ್ದ. ನಲವತ್ತು ವರ್ಷದಲ್ಲಿ ಒಂದು ಮೀನು ಸಿಗಲಿಲ್ಲ ಅವನಿಗೆ. ಕಪಾಳಕ್ಕೆ ಮಾತ್ರ ಮೂರು ಸಲ ಬಿತ್ತು, ಅದರಲ್ಲಿ ಒಂದು ನಂದೇ!"

ಎಂಟೂ ಜನ ಬಲೆ ಕೈಬಿಟ್ಟು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುತ್ತಾರೆ. ತೊರಿಕಾಳ ಕಣ್ಣಲ್ಲಿ ನೀರು ಬರುವಷ್ಟು ನಗು. ಹಿಡಿದ ಮೀನೆಲ್ಲ ತಪ್ಪಿಸಿಕೊಂಡು ಹೋಗುತ್ತದೆ.

ಆಗಲೇ ನನ್ನ ಅಂಗಡಿಯ ಗೋಡೆಗೆ ಯಾರೋ ಒಂದು ಕಾಗದ ಅಂಟಿಸಿ ಹೋದರು. ರಾಜಧಾನಿ ಸುವಾದಲ್ಲಿ ಕಿರುಚಿತ್ರ ಸ್ಪರ್ಧೆ. ಯಾವ ಕಂಪನಿಯ ಹಂಗೂ ಇಲ್ಲದೆ ಸ್ವಂತವಾಗಿ ಚಿತ್ರ ಮಾಡುವವರಿಗೆ ಮಾತ್ರ. ಏಳು ನಿಮಿಷ ಮೀರಬಾರದು. ಉನೈಸಿ ಅದನ್ನು ಮೂರು ದಿನ ಓದಿದಳು. ನಾಲ್ಕನೆಯ ದಿನ ಅರೆದು ಕುಡಿಯುವ ಯಂಗೋನ ಬೇರಿನ ಕಟ್ಟು ಹಿಡಿದು ತೊರಿಕಾಳ ಮನೆಯ ಚಾಪೆಯ ಮೇಲೆ ಕೂತು, ಎಂಟೂ ಹೆಂಗಸರ ಮುಂದಿಟ್ಟು, ಕ್ರಮವಾಗಿ ಅಪ್ಪಣೆ ಕೇಳಿದಳು.

"ನೀವು ಹೇಗಿದ್ದೀರೋ ಹಾಗೇ ತೋರಿಸ್ತೀನಿ. ಬಣ್ಣ ಹಚ್ಚಲ್ಲ, ಮಾನ ಕಳೆಯಲ್ಲ," ಎಂದಳು.

"ಹಲ್ಲು ಮಾತ್ರ ಹಚ್ಚು ತಾಯಿ, ನನಗೆ ಎದುರುಗಡೆ ಎರಡಿಲ್ಲ," ಎಂದಳು ತೊರಿಕಾ. ಎಲ್ಲರೂ ನಕ್ಕರು. ಬೇರು ಸ್ವೀಕಾರವಾಯಿತು. ನಮ್ಮಲ್ಲಿ ಹಾಗೆ ಚಾಪೆಯ ಮೇಲೆ ಆಡಿದ ಮಾತಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಚಿತ್ರವನ್ನು ಕತ್ತರಿಸಿ ಜೋಡಿಸಲು ಅವಳಿಗೆ ಬರುತ್ತಿರಲಿಲ್ಲ. ಇನೋಕೆಗೆ ಬರುತ್ತಿತ್ತು. ಅವನು ಸುವಾದಲ್ಲಿ ಜಾಹೀರಾತು ಮಾಡುವ ಕಡೆ ಕೆಲಸಕ್ಕಿದ್ದ. ಭಾನುವಾರ ಚರ್ಚಿಗೆ ಬಂದವನು ಫೋನು ಕೈಗೆ ತೆಗೆದುಕೊಂಡು ನೋಡಿ, ಬಿದ್ದು ಬಿದ್ದು ನಕ್ಕ.

"ಮೀನು ಮಾರೋಳು ಸಿನಿಮಾ ಮಾಡ್ತಾಳಂತೆ! ಆ ಫೋನಿಗೂ ನಿನ್ನ ಬಾಣಲೆ ವಾಸನೆ ಹತ್ತಿದೆ," ಎಂದ.

"ನಿನ್ನ ಮೂಗಿಗೆ ಸುವಾದ ಚರಂಡಿ ವಾಸನೆ ಬಿಟ್ಟು ಬೇರೆ ಹತ್ತುತ್ತಲ್ಲ ಬಾವ, ಪುಣ್ಯ," ಎಂದಳು ಇವಳು. ನಗುತ್ತಲೇ, ಜೋಡಿಸಿಕೊಡುತ್ತೇನೆಂದು ಒಪ್ಪಿದ.

ನಾನು ಎರಡು ವಾರ ಕೂತು, ಹೆಂಗಸರ ಮಾತನ್ನೆಲ್ಲ ಇಂಗ್ಲಿಷಿಗೆ ಮಾಡಿ, ಪರದೆಯ ಕೆಳಗೆ ಬರೆಯಲೆಂದು ಮೂರು ಹಾಳೆ ಸಿದ್ಧಪಡಿಸಿದೆ. ಇನೋಕೆ ಹಾಳೆಗಳನ್ನೂ ಒಯ್ದ, ಫೋನಿನಲ್ಲಿದ್ದುದನ್ನೆಲ್ಲ ತನ್ನ ಕಂಪ್ಯೂಟರಿಗೆ ಹಾಕಿಕೊಂಡು, "ಜಾಗ ತುಂಬಿಹೋಗಿತ್ತು, ಖಾಲಿ ಮಾಡಿದ್ದೀನಿ ನೋಡು," ಎಂದು ಫೋನು ವಾಪಸು ಕೊಟ್ಟ. ಉನೈಸಿ ಅದಕ್ಕೆ ಥ್ಯಾಂಕ್ಸ್ ಬೇರೆ ಹೇಳಿದಳು. ಅರ್ಜಿಯನ್ನೂ ಅವನೇ ತುಂಬಿದ. ಇಷ್ಟು ಪಾಠ ಹೇಳಿದ ನಾನಾದರೂ ಒಂದು ಸಲ ಅರ್ಜಿ ನೋಡೋಣ ಎನ್ನಬೇಕಿತ್ತು. ಎನ್ನಲಿಲ್ಲ.

ಸ್ಪರ್ಧೆಯ ದಿನ ಎಂಟೂ ಹೆಂಗಸರು ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿದ ಉಡುಪು ಹಾಕಿ, ಕಿವಿಗೆ ಹೂ ಸಿಕ್ಕಿಸಿ ಬಸ್ಸು ಹತ್ತಿದರು. ಉನೈಸಿಯದೂ ಅದೇ ಬಟ್ಟೆ. ನಾನು ಬೂಟು ಹಾಕಿದ್ದೆ. ಸಭಾಂಗಣದಲ್ಲಿ ಎರಡನೆಯ ಸಾಲು ಪೂರ್ತಿ ನಮ್ಮದೇ.

ನಮ್ಮ ಚಿತ್ರ ಶುರುವಾಯಿತು. ಪರದೆಯ ಮೇಲೆ ಮೊದಲು ಬಂದ ಹೆಸರು ಇನೋಕೆಯದು. ನಿರ್ದೇಶನ ಅವನದು, ಕಥೆ ಅವನದು. ಉನೈಸಿ ನನ್ನ ಕಡೆ ತಿರುಗಿ, "ತಪ್ಪಾಗಿದೆ ಅನ್ಸುತ್ತೆ ಮಾಸ್ತರೇ," ಎಂದಳು. ಆಮೇಲೆ ಹೆಂಗಸರು ಬಂದರು, ಬಲೆ ಬಂತು, ನೀರು ಬಂತು. ಮಾತು ಬರಲಿಲ್ಲ. ಮಾತನ್ನೆಲ್ಲ ಒರೆಸಿ ಹಾಕಿ, ಅದರ ಜಾಗದಲ್ಲಿ ಪಿಟೀಲು, ಗಾಳಿ, ಅಲೆಯ ಸದ್ದು ತುಂಬಿದ್ದ. ತೊರಿಕಾ ಬಾಯಿ ತೆರೆದು ನಗುವುದನ್ನು ಎಷ್ಟು ನಿಧಾನ ಮಾಡಿದ್ದನೆಂದರೆ ಅದು ನಗುವಾಗಿ ಉಳಿದಿರಲಿಲ್ಲ. ನಗುವ ಮುಖವನ್ನು ನಿಧಾನ ಮಾಡಿದರೆ ಅಳುವ ಮುಖವಾಗುತ್ತದೆ. ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಹೆಗಲ ಮೇಲೆ ಬಿದ್ದು ನಕ್ಕವರು ಒಬ್ಬರನ್ನೊಬ್ಬರು ಸಮಾಧಾನ ಮಾಡುವಂತೆ ಕಂಡರು. ಕೆಳಗೆ ಬರಹ:

"ನನ್ನ ಗಂಡನ ಗೋರಿ ಈಗ ಸಮುದ್ರದೊಳಗಿದೆ. ದಿನವೂ ನೀರಿಗಿಳಿದು ಅವನನ್ನು ಹುಡುಕುತ್ತೇನೆ."

ಸಭಾಂಗಣದಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ಎರಡನೆಯ ಸಾಲಿನಲ್ಲಿ ಮಾತ್ರ ನಗು. "ಇದು ಕಪಾಳದ ಮಾತು ಹೇಳಿದ ಹೊತ್ತು ಕಣೇ!" ಎಂದು ಹೆಂಗಸರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಮುಂದಿನ ಸಾಲಿನವರು ತಿರುಗಿ ನುಂಗುವಂತೆ ನೋಡಿದರು. ಓದಲು ಶುರು ಮಾಡಿದವರು ಒಬ್ಬೊಬ್ಬರಾಗಿ ಸುಮ್ಮನಾದರು. ಕನ್ನಡಕ ಮರೆತು ಬಂದಿದ್ದ ತೊರಿಕಾ ಮಾತ್ರ ನಗುತ್ತಲೇ ಇದ್ದಳು.

"ಏನು ಬರ್ದಿದ್ದಾರೆ ಮಾಸ್ತರೇ? ಯಾಕೆ ಎಲ್ಲಾ ಅಳ್ತಿದ್ದಾರೆ?"

ಅವಳ ಕಿವಿಯಲ್ಲಿ ನಾನೇ ಹೇಳಬೇಕಾಯಿತು. ಅವಳ ಗಂಡನ ಗೋರಿ ಸಮುದ್ರದಲ್ಲಿಲ್ಲ. ಮನೆಯ ಹಿಂದಿನ ಗುಡ್ಡದ ಮೇಲೆ ದೀವಿಹಲಸಿನ ಮರದ ಕೆಳಗೆ ಒಣಗಿಕೊಂಡು ಕೂತಿದೆ. ಅದಕ್ಕೆ ಸುಣ್ಣ ಹಚ್ಚಲು ಏಣಿ ಹಿಡಿದವನು ನಾನೇ. ಏರುತ್ತಿರುವ ಸಮುದ್ರಕ್ಕೆ ಮನೆ, ಗೋರಿ ಕಳೆದುಕೊಂಡವರು ಬೇರೆ ದ್ವೀಪಗಳಲ್ಲಿ ನಿಜವಾಗಿಯೂ ಇದ್ದಾರೆ. ಅವರ ದುಃಖವನ್ನು ಕದ್ದು ಈ ಹೆಂಗಸರ ಮುಖಕ್ಕೆ ಮೆತ್ತಿದ್ದ.

ಮೊದಲ ಬಹುಮಾನ ಬಂತು. ಇನೋಕೆ ವೇದಿಕೆಯಿಂದ, "ಇದು ನನ್ನ ತಾಯಿಗೆ," ಎಂದು ತೊರಿಕಾಳನ್ನು ಕರೆದ. ಅವಳು ಒಂದು ಕ್ಷಣ ಉನೈಸಿಯನ್ನು ನೋಡಿ, ಎದ್ದು ಹೋದಳು. ಮಗ ಕರೆದಾಗ ತಾಯಿ ಇನ್ನೇನು ಮಾಡುತ್ತಾಳೆ ಎಂದು ನಾನೂ ಅವತ್ತು ಅಂದುಕೊಂಡೆ.

ಹೊರಗೆ ಉನೈಸಿ ಅವನನ್ನು ಅಡ್ಡಗಟ್ಟಿದಳು.

"ಬಾವ, ನಗು ಎಲ್ಲಿ ಹೋಯ್ತು?"

"ಬಡವರ ನಗೂಗೆ ಯಾರೇ ಬಹುಮಾನ ಕೊಡ್ತಾರೆ? ಅವರಿಗೆ ನಮ್ಮ ಕಣ್ಣೀರು ಬೇಕು. ನಾನು ಕೊಟ್ಟೆ."

"ನಾನು ಚಾಪೆ ಮೇಲೆ ಮಾತು ಕೊಟ್ಟಿದ್ದೆ."

"ನೀನು ಕೊಟ್ಟಿದ್ದು. ನಾನಲ್ಲವಲ್ಲ?" ಎಂದು ಅವಳ ಕಿವಿಯ ಹೂ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡು ನಕ್ಕ. ಬಾವನ ಸಲಿಗೆಯಂತೆ! ನನಗೆ ಮೈಯೆಲ್ಲ ಉರಿಯಿತು.

ಮರುದಿನವೇ ನಾವಿಬ್ಬರೂ ಕೂತು ಸ್ಪರ್ಧೆಯವರಿಗೆ ಕಾಗದ ಬರೆದೆವು. ಬಹುಮಾನ ಬೇಡ, ಹೆಸರೂ ಬೇಡ. ನಮ್ಮ ಹೆಂಗಸರು ನಗುತ್ತಿದ್ದ ಚಿತ್ರ ಅವನ ಕಂಪ್ಯೂಟರಿನಲ್ಲಿದೆ, ಅದನ್ನು ತರಿಸಿ ಒಂದೇ ಒಂದು ಸಲ ಅದೇ ಜನಕ್ಕೆ ತೋರಿಸಿ. ಇಷ್ಟೇ ಬರೆಸಿದಳು. ಕಾಗದ ಬೆಳಗಿನ ಬಸ್ಸಿಗೆ ಹೋಯಿತು.

ಶನಿವಾರ ಇನೋಕೆ ತನ್ನ ಚಿಕ್ಕಪ್ಪನನ್ನು ಮುಂದಿಟ್ಟುಕೊಂಡು ಊರಿಗೆ ಬಂದ. ಚಿಕ್ಕಪ್ಪನ ಕೈಯಲ್ಲಿ ತಿಮಿಂಗಿಲದ ಹಲ್ಲು. ಎಣ್ಣೆ ಹಚ್ಚಿ ಹಳದಿಯಾದ ದೊಡ್ಡ ಹಲ್ಲು, ಹೆಣೆದ ಹಗ್ಗ. ಅದನ್ನು ಮುಂದಿಟ್ಟು ಕ್ಷಮೆ ಕೇಳಿದರೆ ನಮ್ಮಲ್ಲಿ ಕೊಲೆಯೂ ಹೂತುಹೋಗುತ್ತದೆ. ಹಿರಿಯರು ಹಲ್ಲನ್ನು ಕೈಗೆ ತೆಗೆದುಕೊಂಡರೆಂದರೆ ಮುಗಿಯಿತು. ಆ ಮಾತನ್ನು ಮತ್ತೆ ಎತ್ತಿದವರೇ ತಪ್ಪಿತಸ್ಥರು. ಹಿರಿಯರು ತೆಗೆದುಕೊಂಡರು, ಬೊಗಸೆ ಕೈಯಲ್ಲಿ ಚಪ್ಪಾಳೆ ತಟ್ಟಿದರು. ತಪ್ಪು ಯಾರಿಗಾಗಿತ್ತೋ ಅವಳು ಬಾಗಿಲ ಬಳಿ ಹೆಂಗಸರ ನಡುವೆ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಇನೋಕೆ ತಲೆ ತಗ್ಗಿಸಿ ಕೂತ ರೀತಿ ನೋಡಿದರೆ ಆ ಹಲ್ಲು ತಂದಿದ್ದು ಕ್ಷಮೆಗಲ್ಲ, ಅವಳ ಬಾಯಿಗೆ ಬೀಗ ಹಾಕುವುದಕ್ಕೆಂದು ಮಕ್ಕಳಿಗೂ ಅರ್ಥವಾಗುತ್ತಿತ್ತು. ನಾನು ಎದ್ದು ಕೂಗಬೇಕೆಂದುಕೊಂಡೆ. ನನಗಲ್ಲಿ ಬಾಯಿಲ್ಲ.

ಆದರೆ ಕಾಗದ ಆಗಲೇ ತಲುಪಿತ್ತು. ಬುಧವಾರ ಬಂದು ತೊರಿಕಾಳನ್ನು ಮಾತಾಡಿಸುತ್ತೇವೆ ಎಂದು ಸುವಾದಿಂದ ಫೋನು ಬಂತು. ಉನೈಸಿಯ ಮುಖದಲ್ಲಿ ಮತ್ತೆ ಜೀವ ಬಂತು.

"ನಾನು ಬಾಯಿ ಬಿಡೋ ಹಾಗಿಲ್ಲ ಮಾಸ್ತರೇ. ಆದ್ರೆ ಅವರಾಗೇ ಬಂದು ಕೇಳಿದ್ರೆ ಅತ್ತೆ ಹೇಳ್ಬಹುದಲ್ಲ? ಕೇಳಿದ್ದಕ್ಕೆ ಉತ್ತರ ಹೇಳೋದು ತಪ್ಪಲ್ಲ. ಆಗ್ಲೇ ಅವಳನ್ನೇ ಕೇಳ್ದೆ. 'ನನ್ ಗಂಡನ್ನ ಸಮುದ್ರಕ್ಕೆ ಹಾಕಿದ್ದಾನಲ್ಲ ಆ ಹುಚ್ಚ, ನಾನು ನಿಜಾನೇ ಹೇಳ್ತೀನಿ ಕಣೇ' ಅಂದ್ಲು."

ಬುಧವಾರ ಸ್ಪರ್ಧೆಯ ಕಡೆಯಿಂದ ಇಬ್ಬರು ಬಂದರು. ಒಬ್ಬಳು ಎತ್ತರದ ಹೆಂಗಸು, ಒಬ್ಬ ಕ್ಯಾಮೆರಾದವನು. ತೊರಿಕಾಳ ಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತೆವು. ಇನೋಕೆ ಬಂದಿರಲಿಲ್ಲ; ಬರುವ ಅಗತ್ಯವೂ ಇರಲಿಲ್ಲವೆಂದು ಈಗ ಗೊತ್ತಾಗುತ್ತದೆ. ಎತ್ತರದ ಹೆಂಗಸು ಮೆಲ್ಲಗೆ ಕೇಳಿದಳು: ಚಿತ್ರದಲ್ಲಿ ಬರೆದ ಮಾತು ನೀವು ಆಡಿದ್ದೇನಾ?

ತೊರಿಕಾ ಸೆರಗಿನಂತೆ ಹೊದ್ದ ಬಟ್ಟೆಯನ್ನು ಸರಿಮಾಡಿಕೊಂಡಳು. ಉನೈಸಿಯ ಕಡೆ ನೋಡಲಿಲ್ಲ.

"ಹೌದು. ನಂದೇ ಮಾತು. ನನ್ ಗಂಡನ ಗೋರಿ ಸಮುದ್ರದೊಳಗಿದೆ. ದಿನಾ ನೀರಿಗಿಳಿದು ಹುಡುಕ್ತೀನಿ," ಎಂದಳು. ಒಂದಕ್ಷರ ತಪ್ಪಲಿಲ್ಲ. ಕಣ್ಣಿಂದ ನೀರು ದಳದಳ ಇಳಿಯಿತು.

"ಗೋರಿ ಎಲ್ಲಿತ್ತು ಅಂತ ತೋರಿಸ್ತೀರಾ?"

ತೊರಿಕಾ ಕಿಟಕಿಯಾಚೆಯ ಸಮುದ್ರಕ್ಕೆ ಕೈ ತೋರಿಸಿದಳು. ಕ್ಯಾಮೆರಾ ಅತ್ತ ತಿರುಗಿತು. ಹಿಂದಿನ ಬಾಗಿಲು ತೆರೆದೇ ಇತ್ತು. ಅಲ್ಲಿಂದ ಐವತ್ತು ಹೆಜ್ಜೆ ಹತ್ತಿದರೆ ಗೋರಿ. ಉಳಿದ ಏಳು ಹೆಂಗಸರೂ ಚಾಪೆಯ ಹೆಣಿಗೆ ನೋಡುತ್ತಾ ಕೂತರು.

"ಹಾಗಾದ್ರೆ ಈ ಕಾಗದ?"

"ನನ್ ತಮ್ಮನ ಮಗಳು ಬರ್ದಿದ್ದು. ಒಳ್ಳೇ ಹುಡುಗಿ, ನಾನೇ ಸಾಕಿದ್ದು. ಚಿತ್ರದಲ್ಲಿ ತನ್ನ ಹೆಸರು ಬರಲಿಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚು. ಅವಳ ಮೇಲೆ ಬೇಜಾರು ಮಾಡ್ಕೋಬೇಡಿ," ಎಂದಳು ತೊರಿಕಾ.

ಕ್ಯಾಮೆರಾ ಉನೈಸಿಯ ಕಡೆ ತಿರುಗಿತು. ನೀವೇನಾದರೂ ಹೇಳಬೇಕೇ ಎಂದು ಎತ್ತರದ ಹೆಂಗಸು ಕೇಳಿದಳು. ಆ ಮನೆಯಲ್ಲಿ ಅತ್ತೆ ಕೈತುತ್ತು ಕೊಟ್ಟು ಸಾಕಿದ್ದಳು. ಅತ್ತೆಯನ್ನು ಸುಳ್ಳಿ ಎನ್ನಬೇಕು, ಇಲ್ಲವೇ ತಾನು ಆಗಬೇಕು.

"ಅತ್ತೆ ಹೇಳಿದ್ದೇ ಸರಿ," ಎಂದಳು ಉನೈಸಿ.

ಅವರು ಸಾಮಾನು ಕಟ್ಟತೊಡಗಿದರು. ತೊರಿಕಾ ಕೆನ್ನೆ ಒರೆಸಿಕೊಂಡು ಕ್ಯಾಮೆರಾದವನನ್ನು ಕೇಳಿದಳು, "ಸರಿಯಾಗಿ ಬಂತೇನಪ್ಪಾ? ಇನ್ನೊಂದ್ಸಲ ಹೇಳ್ಲಾ?"

ಬಸ್ ನಿಲ್ದಾಣಕ್ಕೆ ನಾವಿಬ್ಬರೂ ನಡೆದು ಬಂದೆವು. ನನ್ನ ಬಾಯಿಂದ ಬೈಗುಳದ ಮಳೆಯೇ ಸುರಿಯುತ್ತಿತ್ತು: ಇನೋಕೆಗೆ, ಹಲ್ಲು ಹಿಡಿದ ಮುದುಕರಿಗೆ, ತೊರಿಕಾಳಿಗೆ. ಉನೈಸಿ ಬಾಣಲೆ ಒಲೆಯ ಮೇಲಿಟ್ಟು ಎಣ್ಣೆ ಸುರಿದಳು.

"ಬೈಬೇಡಿ ಮಾಸ್ತರೇ. ಒಂದು ಮಾತು ಹೇಳಿ. ಅತ್ತೆ ಇವತ್ತು ಎಷ್ಟು ಚೆನ್ನಾಗಿ ಅತ್ಲು ನೋಡಿದ್ರಲ್ಲ?"

"ನೋಡ್ದೆ."

"ಹಾಗಾದ್ರೆ ನನ್ನ ಫೋನಿನ ಮುಂದೆ ನಕ್ಕಿದ್ದು? ಅದಾದ್ರೂ ನಿಜಾನಾ?"

ಮೂವತ್ತೊಂದು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವನು ನಾನು. ಅವಳು ಎಣ್ಣೆ ಕಾದಿದೆಯೇ ನೋಡಿ ಮೀನು ಬಿಟ್ಟಳು.