ಬೊಕ್ಕಬಾಯಿ ಅರ ಹುಡುಕಿದ ಮೌಲಾಸಾಬ್ ಚಾಚಾ

ತಡೀರಿ ಮಾರಾಯ್ರೆ, ಒಂದೈದು ನಿಮಿಷ ಇಲ್ಲೇ ಇರಿ. ನಾನೀಗ ಹೇಳೋ ಮನುಷ್ಯ ಕಬ್ಬಿಣವನ್ನ ಕಣ್ಣೆತ್ತಿ ನೋಡೋದೇ ಇಲ್ಲ, ಆದ್ರೂ ಅದರ ಜಾತಕ ಪೂರ್ತಿ ಹೇಳ್ತಾರೆ. ಸೈಕಲ್‌ಗೆ ಸ್ಟ್ಯಾಂಡ್ ಹಾಕಿ ಸೀಟಲ್ಲೇ ಕೂತು ಪೆಡಲ್ ತುಳೀತಾರೆ. ಹ್ಯಾಂಡಲ್ ಹತ್ರ ಕೂಡಿಸಿದ ಸಾಣೆ ಚಕ್ರ ಗರ್ ಅಂತ ತಿರುಗ್ತದೆ. ಕಬ್ಬಿಣವನ್ನ ಅದಕ್ಕೆ ತಾಗಿಸಿ, ಕಿಡಿ ಹಾರೋ ಕಡೆ ಮಾತ್ರ ನೋಡ್ತಾರೆ. ಆಮೇಲೆ ಒಂದೇ ಮಾತು. ಒಂದೋ "ಹೂ", ಇಲ್ಲಾಂದ್ರೆ "ಶ್ಯಾವಿಗಿ".

ಇವರೇ ಮೌಲಾಸಾಬ್ ಚಾಚಾ. ಸುರಪುರದ ಕಡೆಯವರು. ಮುಂಬೈಯ ಚೆಂಬೂರಲ್ಲಿ ನಮ್ಮ ಮಾಮನ ಹೋಟೆಲ್ ಉಂಟಲ್ಲ, ಅದರ ಹಿಂದಿನ ಗಲ್ಲಿಗೆ ಪ್ರತಿ ಶನಿವಾರ ಊಟದ ಗಿರಾಕಿ ಖಾಲಿಯಾದ ಮೇಲೆ ಬರ್ತಿದ್ರು, ಅಡುಗೆಮನೆಯ ಚೂರಿ, ಕತ್ತಿಗೆಲ್ಲ ಸಾಣೆ ಹಿಡೀಲಿಕ್ಕೆ. ಮೆಹಂದಿ ಹಾಕಿದ ಕೆಂಪು ಗಡ್ಡ, ಅದರಲ್ಲಿ ಅಲ್ಲಲ್ಲಿ ಕಿಡಿ ತಾಗಿ ಸುಟ್ಟ ತೂತು. ಕಣ್ಣಿಗೆ ಹಳೇ ಹೆಲ್ಮೆಟ್ಟಿಂದ ಕಿತ್ತ ಗಾಜು, ಇಲಾಸ್ಟಿಕ್ ಹೊಲಿದು ಕಟ್ಟಿಕೊಂಡದ್ದು. ಅದನ್ನ ಹಣೆ ಮೇಲೆ ಏರಿಸಿಕೊಂಡು ಚಹಾ ಕುಡಿಯುವಾಗ ಯಾವುದೋ ವಿಮಾನ ಈಗಷ್ಟೇ ಇಳಿಸಿ ಬಂದವರ ಹಾಗೆ ಕಾಣ್ತಿದ್ರು.

ನನಗೆ ಚಾಚಾ ಸಿಕ್ಕಿದ್ದು ಚಕಮಕಿಯಿಂದ. ನಾನು ಹುಟ್ಟಿದ್ದೇ ಚೆಂಬೂರಲ್ಲಿ, ನನ್ನ ಕನ್ನಡ ಅಂದ್ರೆ ಅಜ್ಜಿ ಮಾತು ಮತ್ತೆ ಅಪ್ಪ ತರೋ ಪೇಪರ್. ಪೇಪರಲ್ಲಿ ಯಾವಾಗ ನೋಡಿದ್ರೂ "ಮಾತಿನ ಚಕಮಕಿ" ಅಂತ ಬರ್ತದಲ್ಲ, ಚಕಮಕಿ ಅಂದ್ರೆ ಜಗಳ ಅಂತಲೇ ತುಂಬಾ ವರ್ಷ ನಂಬಿದ್ದೆ. ಆಮೇಲೆ ಒಂದಿನ ಮೊಬೈಲಲ್ಲಿ ಯಾರೋ ಕಬ್ಬಿಣದ ತುಂಡಿಗೆ ಕಲ್ಲು ಹೊಡೆದು ಬೆಂಕಿ ಮಾಡೋ ವಿಡಿಯೋ ಬಂತು. ಅಜ್ಜಿ ಹಿಂದಿಂದ ಇಣುಕಿ, "ಓ, ಚಕಮಕಿ" ಅಂದ್ರು. ಮುಗೀತು. ಅವತ್ತಿಂದ ನನಗೆ ಅದೇ ಹುಚ್ಚು. ಉಕ್ಕನ್ನ ಕಾಯಿಸಿ ಬಗ್ಗಿಸಿ, ಬೆರಳಿಗೆ ಸಿಗಿಸೋ ಹಾಗೆ ಮಾಡೋದು. ಅದರ ಅಂಚಿಗೆ ಚೂಪು ಕಲ್ಲು ಹೊಡೆದ್ರೆ ಕಿಡಿ ಬರ್ತದೆ. ಕಿಡಿ ಸುಟ್ಟ ಬಟ್ಟೆ ಮೇಲೆ ಬಿದ್ರೆ ಹಿಡ್ಕೊಳ್ತದೆ, ಊದಿದ್ರೆ ಬೆಂಕಿ. ಲೈಟರ್ ಇಲ್ವಾ ಮನೇಲಿ ಅಂತ ಅಮ್ಮ ಕೇಳ್ತಾರೆ. ಉಂಟು. ಲೈಟರ್ ಒತ್ತಿ ಯಾರಾದ್ರೂ ನಕ್ಕದ್ದು ನೋಡಿದ್ದೀರಾ?

ಇದಕ್ಕೆ ಹಳೇ ಅರ ಒಳ್ಳೇದು ಅಂತ ಓದಿದ್ದೆ. ಅರ ಅಂದ್ರೆ ಕಬ್ಬಿಣ ಉಜ್ಜೋ ಉಪಕರಣ, ಮೈ ತುಂಬಾ ಸಣ್ಣ ಹಲ್ಲು ಇರೋದು. ಹಿಂದಿಯಲ್ಲೂ ಅದೇ ಇರ್ಬಹುದು ಅಂದ್ಕೊಂಡು, "ಚಾಚಾ, ಪುರಾನಾ ಅರ ಮಿಲೇಗಾ ಕ್ಯಾ?" ಅಂತ ಕೇಳ್ದೆ. ಮಿಲೇಗಾ ಅಂದ್ರು. ಮುಂದಿನ ಶನಿವಾರ ಮರ ಕೊಯ್ಯೋ ಗರಗಸ ತಂದು ಕೊಟ್ರು, ನನ್ನ ಕೈಯಷ್ಟುದ್ದದ್ದು. ಇದಲ್ಲ ಚಾಚಾ, ಲೋಹ ಉಜ್ಜೋದು, ಅಂತ ಕೈಯಲ್ಲಿ ಆಕ್ಷನ್ ಮಾಡಿ ತೋರಿಸ್ದೆ.

"ಅರೇ, ಕಾನಸ್ ಬೋಲೋ ನಾ," ಅಂದ್ರು. ಅಂದವರು ಅಲ್ಲೇ ನಿಂತ್ರು. ಗಾಜು ಹಣೆ ಮೇಲೆ ಏರಿಸಿದ್ರು. "ಅರ ಅಂದ್ಯಾ ನೀ? ಯಾವ ಊರವ್ವಾ ನಿಮ್ದು?"

"ಉಡುಪಿ ಕಡೆ."

"ಹಂಗಾರ ಮೊದಲೇ ಕನ್ನಡದಾಗ ಕೇಳಬಾರದಾ ತಂಗಿ? ಈ ಬಂಬೈದಾಗ ಅರಕ್ಕ ಕಾನಸ್ ಅಂತಾರ, ಆರಾ ಅಂದ್ರ ಗರಗಸ. ಒಂದು ದೀರ್ಘ ಹೆಚ್ಚಾತು, ಅದಕ್ಕ ನಾ ಎರಡು ಗಲ್ಲಿ ಸುತ್ತಿ ಇದನ್ನ ಹೊತ್ತು ತಂದೀನಿ."

ಎಂತಕ್ಕೆ ಬೇಕು ಅಂತ ಕೇಳಿದ್ರು. ಚಕಮಕಿ ಮಾಡ್ಲಿಕ್ಕೆ ಅಂದೆ. ಚಾಚಾ ಪೆಡಲ್ ಮೇಲಿಂದ ಕಾಲು ತೆಗೆದ್ರು. ಅವತ್ತು ಹೋಟೆಲ್ ಚೂರಿಗಳು ಸಾಯಂಕಾಲದವರೆಗೆ ಹಾಗೇ ಬಿದ್ದಿದ್ವು, ಯಾಕಂದ್ರೆ ಚಾಚಾ ಅವರ ದೊಡ್ಡ ಭಾಯಿ ಕತೆ ಶುರು ಮಾಡಿದ್ರು.

ಕತೆ ಇಷ್ಟು. ಚಾಚಾನ ಅಪ್ಪನ ಹತ್ರ ಒಂದು ಚಕಮಕಿ ಇತ್ತು, ಕಲ್ಲು ಮತ್ತೆ ಕಬ್ಬಿಣ, ಎರಡೂ ಒಂದು ಚರ್ಮದ ಚೀಲದಲ್ಲಿ. ಬೀಡಿಗೆ ಬೆಂಕಿ ಅದರಿಂದಲೇ. ಅಪ್ಪ ತೀರಿಕೊಂಡ ವರ್ಷವೇ ಚಾಚಾ ಸಾಣೆ ಚಕ್ರ ಕಲಿತದ್ದು. ಕೈಗೆ ಸಿಕ್ಕಿದ್ದಕ್ಕೆಲ್ಲ ಸಾಣೆ. ಆ ಜೋಶಲ್ಲಿ ಅಪ್ಪನ ಚಕಮಕಿ ಕಬ್ಬಿಣವನ್ನೂ ಚಕ್ರಕ್ಕೆ ಹಿಡಿದು, ಉಜ್ಜಿ ಉಜ್ಜಿ, ನಿಂಬೆಹಣ್ಣು ಕೊಯ್ಯೋ ಚೂರಿ ಮಾಡಿಬಿಟ್ರು. ಕಲ್ಲು ಮಾತ್ರ ಭಾಯಿ ಹತ್ರ ಉಳೀತು. ಆಮೇಲೆ ಐವತ್ತು ವರ್ಷ, ಚಾಚಾ ಯಾವಾಗ ಊರಿಗೆ ಹೋದ್ರೂ ಭಾಯಿ ಕಟ್ಟೆ ಮೇಲಿಂದ ಎಲ್ಲರಿಗೂ ಕೇಳೋ ಹಾಗೆ ಕೂಗೋದು, "ಬಂದ್ರು ನೋಡ್ರಪಾ ಚಕಮಕಿ ಸಾಹೇಬ್ರು, ನಿಂಬಿಹಣ್ಣು ಮುಚ್ಚಿಡ್ರಿ."

"ಮದಿವ್ಯಾಗೂ ಬಿಡಲಿಲ್ಲ ತಂಗಿ. ಖಾಜಿ ಮುಂದ ಹೇಳಿದ."

ಹಬ್ಬ ಮುಗಿಸಿ ಚಾಚಾ ಊರಿಗೇ ಹೋಗಿ ಇರೋರಿದ್ರು, ಪೆಡಲ್ ತುಳಿದು ಮೊಣಕಾಲು ಹೋಗಿತ್ತು. ಆ ಭಾಯಿ ಎದುರು ಬರಿಗೈಯಲ್ಲಿ ಹೋಗಿ ಉಳಿದ ಆಯುಷ್ಯ ಕಳೆಯೋದಾ? ಒಂದು ಚಕಮಕಿ ಕಬ್ಬಿಣ ಬೇಕೇ ಬೇಕು. ಅದೂ ಅಪ್ಪನ ಕಲ್ಲಿಗೆ ಕಿಡಿ ಕೊಡುವಂಥದ್ದು. ಭಾಯಿಗೆ ಎಂಬತ್ತು ದಾಟಿತ್ತು. ಅದನ್ನ ಚಾಚಾ ಒಂದೇ ಸಲ ಹೇಳಿದ್ರು, ಮತ್ತೆ ಹೇಳ್ಲಿಲ್ಲ.

"ನಾ ಕಬ್ಬಿಣ ತಿಕ್ಕಾಂವ, ಮಣಿಸಾಂವ ಅಲ್ಲ," ಅಂದ್ರು. "ನೀ ಮಣಿಸು. ಅರ ನಾ ಆರಿಸ್ತೀನಿ."

ಹಬ್ಬಕ್ಕೆ ನಾಲ್ಕು ತಿಂಗಳಿತ್ತು. ನಾನು ಸಿಕ್ಕಿದ ಕಡೆಯಿಂದೆಲ್ಲ ಅರ ತಂದೆ. ವಿಲೆ ಪಾರ್ಲೆಯಲ್ಲಿ ಆಫೀಸ್ ಮುಗಿಸಿ ಕುರ್ಲಾದ ಗುಜರಿ ಅಂಗಡಿಗಳು. ಮುಲುಂಡ್‌ನಲ್ಲಿ ಒಂದು ವರ್ಕ್‌ಶಾಪ್ ಮುಚ್ಚಿದಾಗ ಒಂದು ಚೀಲ ತುಂಬಾ. ಅದನ್ನ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕಾಲ ಕೆಳಗೆ ಇಟ್ಕೊಂಡು ಬಂದೆ. ಪಕ್ಕದ ಆಂಟಿ ಚೀಲಕ್ಕೆ ಎಡವಿ, ಒಳಗೆ ನೋಡಿ, "ಸಸುರಾಲ್ ಜಾ ರಹೀ ಹೈ ಕ್ಯಾ?" ಅಂತ ಕೇಳಿದ್ರು, ಅತ್ತೆಮನೆಗೆ ಹೊರಟದ್ದಾ ಅಂತ.

ಚಾಚಾ ಒಂದೊಂದನ್ನೇ ಚಕ್ರಕ್ಕೆ ತಾಗಿಸೋದು. ಕಿಡಿ ಉದ್ದಕ್ಕೆ ನೆಟ್ಟಗೆ ಗೆರೆ ಎಳೆದ ಹಾಗೆ ಹೋದ್ರೆ ಶ್ಯಾವಿಗಿ, ಅಂದ್ರೆ ಮೆತ್ತಗಿನ ಕಬ್ಬಿಣ. "ಇದು ಶ್ಯಾವಿಗಿ ತಂಗಿ, ಹಾಲು ಹಾಕಿ ಸುರಕುಂಬಾ ಮಾಡ್ಕೊಂಡು ಕುಡಿ." ಕಿಡಿ ಹೋಗ್ತಾ ಹೋಗ್ತಾ ತುದಿಯಲ್ಲಿ ಪಟಪಟ ಒಡೆದು ಕವಲಾದ್ರೆ ಅದು ಹೂ, ಗಟ್ಟಿ ಉಕ್ಕು. ಹೂ ಬಂದ್ರೂ ಅವರಿಗೆ ಸಮಾಧಾನ ಇಲ್ಲ, ಇನ್ನೂ ಒಳಗೆ ಉಜ್ಜೋದು. ನನಗೆ ಬೇಜಾರು ಬರ್ತಿತ್ತು. ಹೂ ಬಂತಲ್ಲ, ಮತ್ತೆಂತ?

ಅದೇ ಬೇಜಾರಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ಪಳಪಳ ಹೊಳೆಯೋ ಒಂದು ಅರ ಸಿಕ್ಕಿತ್ತು, ಹಲ್ಲೆಲ್ಲ ಚೂಪು. ಚಾಚಾ ಚಹಾಕ್ಕೆ ಹೋದಾಗ ನಾನೇ ಚಕ್ರಕ್ಕೆ ಸ್ವಲ್ಪ ತಾಗಿಸಿದೆ. ಹೂವೋ ಹೂ. ಹೇಳದೆ ಕೇಳದೆ ಮನೆಗೆ ತಗೊಂಡು ಹೋಗಿ, ಟೆರೇಸಲ್ಲಿ ಸಿಗಡಿ, ಅಂದ್ರೆ ಇದ್ದಿಲ ಒಲೆ, ಇಟ್ಟು, ಹೇರ್ ಡ್ರೈಯರಲ್ಲಿ ಇದ್ದಿಲಿಗೆ ಗಾಳಿ ಹಾಕಿ, ಕಾಯಿಸಿ ಬಗ್ಗಿಸಿ, ಹಲ್ಲು ಪೂರ್ತಿ ಉಜ್ಜಿ ತೆಗೆದು, ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಎಷ್ಟು ಚಂದ ಬಂತು ಅಂದ್ರೆ ಸ್ಟೇಟಸ್ ಕೂಡ ಹಾಕಿದೆ. ಶನಿವಾರ ಚಾಚಾ ಎದುರು ಕಲ್ಲು ಹೊಡೆದೆ. ಒಂದು ಕಿಡಿ ಇಲ್ಲ. ಬೆರಳಿಗೆ ಪೆಟ್ಟಾಯ್ತು ಅಷ್ಟೆ.

ಚಾಚಾ ಬೈಲಿಲ್ಲ. ಆ ಅರದಲ್ಲಿ ಉಳಿದ ತುಂಡನ್ನ ಚಿಮಟದಲ್ಲಿ ಹಿಡಿದು ಸುತ್ತಿಗೆಯಲ್ಲಿ ಹೊಡೆದ್ರು. ಅದು ಮುರೀಲಿಕ್ಕೂ ಮನಸ್ಸಿಲ್ಲದೆ ಬಗ್ಗಿ, ಆಮೇಲೆ ಮುರೀತು. ಮುರಿದ ಕಡೆ ನನ್ನ ಕಣ್ಣಿಗೆ ಹಿಡಿದ್ರು. ಸುತ್ತ ತೆಳ್ಳಗೆ ಒಂದು ಸಿಪ್ಪೆ, ನಡುವೆ ದೊಡ್ಡ ದೊಡ್ಡ ಹರಳು.

"ಮ್ಯಾಲ ಅಷ್ಟ ಉಕ್ಕು, ಒಳಗ ಬರೇ ಕಬ್ಬಿಣ. ಹಲ್ಲು ತಿಕ್ಕಿ ತಗದಿ, ಅದರ ಜೋಡಿ ಉಕ್ಕೂ ಹೋತು. ನೀ ಸೀರಿ ನೋಡಿ ಹೆಣ್ಣು ಒಪ್ಪಿದಂಗ ಮಾಡೀದಿ. ಮುರದು ನೋಡಬೇಕು ತಂಗಿ. ಒಳಗ ರವಾ ಇದ್ರ ಬಿಡು, ಮೈದಾ ಇದ್ರ ಹಿಡಿ."

ಹೋಟೆಲ್ ಅಡುಗೆಮನೆ ಬಾಗಿಲಲ್ಲಿ ವರ್ಷಗಟ್ಟಲೆ ಕೂತ ಮನುಷ್ಯನ ಪಾಠ ಇದು. ಈಗ ನನಗೆ ಬೇರೆ ಯಾವ ರೀತಿಯಲ್ಲೂ ನೆನಪಿರೋದಿಲ್ಲ.

ಇನ್ನೊಂದು ಹೇಳಿದ್ರು. "ಹಲ್ಲಿರೋ ಅರ ತರಬ್ಯಾಡ, ಬೊಕ್ಕಬಾಯಿದು ತಾ. ಹಲ್ಲು ಉದುರೋತನಕ ದುಡದೈತಿ ಅಂದ್ರ ಯಾರೋ ಅದನ್ನ ಬಿಟ್ಟಿಲ್ಲ. ಯಾಕ ಬಿಟ್ಟಿಲ್ಲ? ಚಲೋ ಇತ್ತು, ಅದಕ್ಕ."

ಬೊಕ್ಕಬಾಯಿ ಅರವನ್ನ ಕುರ್ಲಾ, ಮುಲುಂಡ್ ಎಲ್ಲ ಹುಡುಕಿ ಆಯ್ತು. ಚಾಚಾ ಹೊರಡ್ಲಿಕ್ಕೆ ಮೂರು ದಿನ ಉಳಿದಿತ್ತು. ಆಗ ಹೋಟೆಲಿನ ದಾಮು ಅಣ್ಣ, ಚಟ್ನಿಗೆ ಕಾಯಿ ಹೆರೆಯೋದು ಇವರ ಕೆಲಸ, ಹೆರೆಮಣೆ ಹಲ್ಲನ್ನ ಯಾವುದೋ ಕಪ್ಪು ಪಟ್ಟಿಯಲ್ಲಿ ಉಜ್ಜುತ್ತಾ ಕೂತಿದ್ರು. ಚಾಚಾ ಚಹಾ ಲೋಟ ಕೆಳಗಿಟ್ರು.

"ದಾಮು, ಅದೇನದು?"

"ಅರ. ಕುಂದಾಪುರದಿಂದ ಬರುವಾಗ ತಂದದ್ದು. ಈಗ ಎಂತ ಉಂಟು ಇದ್ರಲ್ಲಿ, ಹಲ್ಲೇ ಇಲ್ಲ."

"ಹಲ್ಲಿಲ್ಲಾ?" ಅಂತ ಚಾಚಾ ನನ್ನ ಮುಖ ನೋಡಿದ್ರು.

ದಾಮು ಅಣ್ಣ ಕೊಡ್ಲಿಕ್ಕೆ ತಯಾರಿಲ್ಲ. ಹೊಸ ಅರ ಕೊಡ್ತೇನೆ ಅಂದ್ರೆ, ಹೊಸದಕ್ಕೆ ಕೈ ಒಗ್ಗಬೇಕು, ಅಲ್ಲಿವರೆಗೆ ಚಟ್ನಿ ತರಿ ತರಿ ಆದ್ರೆ ಗಿರಾಕಿ ಬೈಯೋದು ಯಾರಿಗೆ, ಅಂತ ಕೇಳಿದ್ರು. ಚಾಚಾ ಹೆರೆಮಣೆ ಎತ್ತಿಕೊಂಡು ಕೂತ್ರು. ಒಂದೊಂದೇ ಹಲ್ಲಿಗೆ ಸಾಣೆ, ಮುಕ್ಕಾಲು ಗಂಟೆ. ದಾಮು ಅಣ್ಣ ಒಂದು ಕಡಿ ಕಾಯಿ ಹೆರೆದು ನೋಡಿದ್ರು. ಹತ್ತಿ ಬಿದ್ದ ಹಾಗೆ ಬಿತ್ತು. ಇನ್ನೊಂದು ಕಡಿ ಹೆರೆದ್ರು. ಆಮೇಲೆ ಅರವನ್ನ ಪಂಚೆಯಲ್ಲಿ ಒರೆಸಿ ಕೊಟ್ರು.

ಚಕ್ರಕ್ಕೆ ತಾಗಿಸಿದ್ರೆ ಹೂ. ಒಳಗೆ ಒಳಗೆ ಹೋದ್ರೂ ಹೂ. ತುದಿ ಮುರಿದ್ರೆ ಟಪ್ ಅಂತ ಗಾಜಿನ ಹಾಗೆ ಮುರೀತು, ಒಳಗೆ ಬೂದು ಬಣ್ಣದ ಮೈದಾ. ಆದ್ರೆ ಇದ್ದದ್ದು ಅದೊಂದೇ. ನೀರಿಗೆ ಹಾಕುವಾಗ ಬಿರುಕು ಬಿಟ್ರೆ ಎರಡನೇ ಸಲ ಅನ್ನೋದೇ ಇಲ್ಲ. ಹಲ್ಲಿನ ಗೆರೆ ಒಂದು ಉಳಿದ್ರೂ ಬಿರುಕು ಅಲ್ಲಿಂದಲೇ ಶುರುವಾಗೋದು ಅಂತ ಚಾಚಾ ಉಗುರಲ್ಲಿ ತಡವಿ ತಡವಿ ಉಜ್ಜಿಸಿದ್ರು. ಸಿಗಡಿ ಹೋಟೆಲ್ ಹಿಂದೇ ಇಟ್ಟೆವು. ನಾನು ಬಗ್ಗಿಸಿದೆ. ಕೊನೇ ಸಲ ಕಾಯಿಸುವಾಗ ಇಕ್ಕಳ ನನ್ನ ಕೈಯಲ್ಲಿ, ಬಕೆಟ್ ನನ್ನ ಕಾಲ ಹತ್ರ.

"ಕಿತ್ತಳಿ ಬಣ್ಣ ಆಗಾಕ ಬಿಡಬ್ಯಾಡ," ಅಂದ್ರು ಚಾಚಾ. "ದಾಳಿಂಬರಿ ಕಾಳು. ಇನ್ನೂ ಆಗಿಲ್ಲ. ಇನ್ನೂ... ಹಾಕು."

ಚುಂಯ್ ಅಂತು. ಬಿರುಕು ಬಿಟ್ರೆ ನೀರೊಳಗಿಂದ ಟಿಕ್ ಅಂತ ಕೇಳ್ತದಂತೆ. ನಾವು ಮೂರೂ ಜನ ಬಕೆಟ್ ಮೇಲೆ ಬಗ್ಗಿ ಕಿವಿ ಕೊಟ್ಟು ನಿಂತೆವು. ಟಿಕ್ ಅನ್ಲಿಲ್ಲ. ಉಂಗುರದ ಹರಳು ಮಾರೋನ ಹತ್ರ ತಂದ ಅಕೀಕ್ ಕಲ್ಲಿನ ಚೂರು ಹೊಡೆದೆ. ಕಿಡಿ ಸುರೀತು ಅನ್ನಿ. ಸುಟ್ಟ ಬನಿಯನ್ ತುಂಡಿನ ಮೇಲೆ ಒಂದು ಕೆಂಪು ಚುಕ್ಕೆ ಕೂತಿತು, ಅದನ್ನ ತೆಂಗಿನ ನಾರಲ್ಲಿ ಸುತ್ತಿ ಊದಿದೆ, ಹೊಗೆ ಬಂತು, ಭಗ್ ಅಂತ ಹತ್ತಿತು. ಚಾಚಾ ಗಾಜು ತೆಗೆದು ಕಣ್ಣೊರೆಸಿಕೊಂಡ್ರು, ಹೊಗೆಗೆ ಅಂದ್ರು.

ದಾಮು ಅಣ್ಣ ಬೆಂಕಿ ನೋಡಿ, "ಇಷ್ಟಕ್ಕೆ ನನ್ನ ಅರ ಹೋಯ್ತಾ? ಬೆಂಕಿಪೆಟ್ಟಿಗೆ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?" ಅಂದ್ರು.

ಕುರ್ಲಾ ಟರ್ಮಿನಸ್‌ನಲ್ಲಿ ನಾನು ಚಾಚಾನ್ನ ಕೊನೇ ಸಲ ನೋಡಿದ್ದು. ಸೈಕಲ್ಲು ಲಗೇಜ್ ಡಬ್ಬಿಗೆ ಹೋಗಿತ್ತು, ಚಕಮಕಿ ಅಂಗಿ ಒಳಗಿನ ಕಿಸೆಯಲ್ಲಿತ್ತು, ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡ್ತಿದ್ರು. ಅಕೀಕ್‌ಗೆ ಕಿಡಿ ಬಂತು ಸರಿ, ಅಪ್ಪನ ಕಲ್ಲಿಗೆ ಬರ್ತದಾ, ಅದೇ ಯೋಚನೆ ಅವರಿಗೆ.

"ಭಾಯಿ ಆ ಕಲ್ಲು ಕಳೆದಿದ್ರೆ?" ಅಂತ ನಾನು ಕೇಳ್ದೆ.

"ಕಳದಿರಲಿ ಅಂತ ದುವಾ ಮಾಡಾಕತ್ತೀನಿ. ಇಬ್ರದೂ ಸಮ ಆಗತೈತಿ."

ನಾಲ್ಕು ದಿನ ಬಿಟ್ಟು ಅವರ ಮೊಮ್ಮಗಳ ಫೋನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮೊದಲು ಒಂದು ಕೋಳಿ. ಆಮೇಲೆ ಟಕ್. ಟಕ್. ಮತ್ತೆ ಟಕ್. ಆಮೇಲೆ ಒಂದು ಮುದಿ ಗಂಟಲು, ನಾನು ಯಾವತ್ತೂ ಕೇಳದ್ದು, ನಿಧಾನಕ್ಕೆ ಊದಿದ್ದು ಕೇಳ್ತು. ಊದಿ, ಕೆಮ್ಮಿ, "ಮೌಲಾ, ಬೀಡಿ ಕೊಡು" ಅಂತು.

ಅಷ್ಟಾದ ಮೇಲೆ ಚಾಚಾ ಫೋನ್ ಹತ್ರ ಬಂದು ಪಿಸುಗುಟ್ಟಿದ್ರು. "ಹತ್ತಿತು ತಂಗಿ. ಭಾಯಿ ಇಡೀ ಓಣಿ ಕರದು ತೋರಸ್ಯಾನ. ಆದ್ರ ಒಂದು ಹುಕುಂ ಮಾಡ್ಯಾನ. ಚಕಮಕಿ ಮನಿಯೊಳಗ ಇರೋತನಕ ನನ್ನ ಸಾಣಿ ಚಕ್ರ ಹೊಸ್ತಿಲ ದಾಟಬಾರದಂತ. ಸೈಕಲ್ ಹೊರಗ ಬೇವಿನ ಗಿಡಕ್ಕ ಕಟ್ಟೀನಿ."

ಈಗ ಶನಿವಾರ ಹೋಟೆಲ್‌ಗೆ ಕರೆಂಟ್ ಮೆಷಿನ್ ಹುಡುಗಿ ಒಬ್ಬಳು ಬರ್ತಾಳೆ, ಚುರುಕಿದ್ದಾಳೆ, ಹತ್ತೇ ನಿಮಿಷದಲ್ಲಿ ಎಲ್ಲ ಚೂರಿ ಮುಗೀತದೆ. ಅವಳ ಮೆಷಿನಿಗೆ ನಾನು ನನ್ನ ಅರ ತಾಗಿಸಿ ನೋಡ್ತೇನೆ. ಗಲ್ಲಿಯಲ್ಲಿ ಯಾರಿಗೂ ಅರ್ಥ ಆಗದ ಹಾಗೆ "ಶ್ಯಾವಿಗಿ" ಅಂತ ಬೈದು ಚೀಲಕ್ಕೆ ಹಾಕ್ತೇನೆ.

ಈಗ ನೀವು ಹೇಳಿ. ನಿಮ್ಮ ಅಜ್ಜನೋ ಮುತ್ತಜ್ಜನೋ ಚಕಮಕಿ ಹೊಡೆದದ್ದು ಯಾರಾದ್ರೂ ನೋಡಿದ್ದೀರಾ? ಕಿಡಿ ಹಿಡೀಲಿಕ್ಕೆ ಎಂತ ಇಡ್ತಿದ್ರು, ಹತ್ತಿಯಾ, ಬೂರುಗದ ಅರಳೆಯಾ, ಬೇರೆ ಏನಾದ್ರೂ ಇತ್ತಾ? ನಾನು ಚಾಚಾನ ಹತ್ರ ಕೊಟ್ಟು ಕಳಿಸಿದ ಸುಟ್ಟ ಬನಿಯನ್ ನೋಡಿ ಭಾಯಿ ನಕ್ಕಿದ್ದಾರಂತೆ, ಅಪ್ಪ ಇಡ್ತಿದ್ದದ್ದು ಇದಲ್ಲ ಅಂತ. ಏನು ಇಡ್ತಿದ್ರು ಅಂತ ಅವರಿಗೂ ನೆನಪಿಲ್ಲ. ಗೊತ್ತಿದ್ದವರು ಕೆಳಗೆ ಬರೀರಿ, ಅವರಿಗೆ ಓದಿ ಹೇಳ್ತೇನೆ.